ಎತ್ತಬಾರದ ಫೋನು

ಅನಂತರಾಜು ಆಫೀಸಿಗೆ ಬಂದಾಗ ಅವನ ಭುಜದ ಮೇಲೆ ಒಂದು ಗೊನೆ ಎಳನೀರಿತ್ತು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿದ್ದ ಆ ಮೊಬೈಲ್ ಕಂಪನಿ ಆಫೀಸಿಗೆ ಜನ ಬೈಗುಳ ಹೊತ್ತು ಬರುವುದೇ ರೂಢಿ. ಸಿಗ್ನಲ್ ಇಲ್ಲ, ಹಾಕಿಸಿದ ಕರೆನ್ಸಿ ಎಲ್ಲೋಯ್ತು, ಕೇಳದ ಹಾಡು ಯಾಕೆ ಹಾಕಿದ್ರಿ, ಹೀಗೆ. ಎಳನೀರು ಹೊತ್ತು ಬಂದವನನ್ನು ಇಂಪನಾ ನೋಡಿದ್ದು ಇದೇ ಮೊದಲು.

"ಲೋ ಕಾಂತ, ಗುರುತು ಸಿಕ್ತೇನ್ಲಾ? ಹಾಸ್ಟೆಲ್ ಅನಂತ ಕಣೋ, ಗೂಳೂರು!"

ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ಕಾಂತೇಶ್ ಕುರ್ಚಿ ತಳ್ಳಿ ಎದ್ದು ಬಂದು ತಬ್ಬಿಕೊಂಡ. ಜಿಲ್ಲೆಯ ಟವರ್‌ಗಳನ್ನೆಲ್ಲ ನೋಡಿಕೊಳ್ಳುವ ಎಂಜಿನಿಯರ್ ಅವನು. ಇಂಪನಾ ಅವನ ಕೈಕೆಳಗೆ ಕೆಲಸ ಮಾಡುವ ಹುಡುಗಿ. ಡಿಪ್ಲೊಮಾ ಮುಗಿಸಿ ವರ್ಷವೂ ಆಗಿರಲಿಲ್ಲ, ಗುಬ್ಬಿಯಿಂದ ದಿನಾ ಬಸ್ಸಲ್ಲಿ ಬಂದು ಹೋಗುತ್ತಿದ್ದಳು. ಅದು ಎರಡು ಸಾವಿರದ ಆರನೇ ಇಸವಿ. ಮೊಬೈಲ್ ಅಂದರೆ ಒಂದು ಟಾರ್ಚು, ಒಂದು ಹಾವಿನ ಆಟ, ಮಿಕ್ಕಿದ್ದೆಲ್ಲ ಮಾತು.

ಎಳನೀರು ಕುಡಿದು ಮುಗಿಸುವ ಹೊತ್ತಿಗೆ ಅನಂತರಾಜುವಿನ ಕಣ್ಣಲ್ಲಿ ನೀರು ಬಂದಿತ್ತು.

"ನನ್ ಹೆಂಡ್ತಿ ಮಂಗಳಗೌರಿ ಮನೆ ಬಿಟ್ಟೋಗವ್ಳೆ ಕಣೋ. ತಲೆ ಸರಿಯಿಲ್ಲ ಅವಳ್ಗೆ. ಮಾತ್ರೆ ತಗೋಬೇಕು, ಎಲ್ಲಾ ಇಲ್ಲೇ ಬಿಟ್ಟೋಗವ್ಳೆ. ಯಾವ ಬಾವೀಗ್ ಬೀಳ್ತಾಳೋ ಅಂತ ನಂಗೆ ಅನ್ನ ಇಳೀತಿಲ್ಲ."

"ಪೊಲೀಸ್ ಕಂಪ್ಲೇಂಟ್ ಕೊಟ್ಯಾ?"

"ಮನೆ ಮರ್ಯಾದೆ ಮಗಾ. ಸಣ್ಣದಾಗಿ ಮುಗೀಲಿ ಅಂತ ನಿನ್ ಹತ್ರ ಬಂದೆ. ಫೋನು ತಗೊಂಡೋಗವ್ಳೆ. ಆದ್ರೆ ಅದು ಡಬ್ಬಾ ಫೋನು, ಅದ್ರಲ್ಲಿ ಸ್ಯಾಟಲೈಟು ಗೀಟಲೈಟು ಏನೂ ಇಲ್ಲ."

ಕಾಂತೇಶ್ ನಕ್ಕ. ಅವನಿಗೆ ಇಂಥ ಮಾತು ಬಂದರೆ ಹಬ್ಬ. "ಬೇಕಾಗಿಲ್ಲ ಕಣೋ. ಫೋನ್ ಆನ್ ಆಯ್ತು ಅಂದ್ರೆ ಹತ್ರದ ಟವರ್‌ಗೆ 'ನಾನಿಲ್ಲಿದೀನಿ' ಅಂತ ಅದೇ ಹೇಳ್ಕೊಳ್ಳುತ್ತೆ. ಹೇಳದಿದ್ರೆ ಅದಕ್ಕೆ ಬರೋ ಕಾಲ್‌ನ ನಾನ್ ಎಲ್ಲಿಗೆ ಕಳಿಸ್ಲಿ? ಸಿಮ್ ಯಾರ ಹೆಸ್ರಲ್ಲಿದೆ?"

"ನನ್ನೆಸ್ರಲ್ಲೇ. ಫೋನೂ ನಾನೇ ಕೊಡ್ಸಿದ್ದು."

"ಹಂಗಾದ್ರೆ ನಿನ್ ನಂಬರ್ ನೀನೇ ಕೇಳ್ತಿದೀಯ. ತಪ್ಪೇನಿದೆ? ಅಲ್ವೇನಮ್ಮ ಇಂಪನಾ?"

ಇಂಪನಾ ಹೂಂ ಅಂದಳು. ಪಾಪ, ಗಂಡಸು ಹೀಗೆ ಅಳುವುದನ್ನು ಅವಳು ಹತ್ತಿರದಿಂದ ನೋಡಿರಲಿಲ್ಲ. ಕಾಂತೇಶ್ ನಂಬರ್ ಒತ್ತಿದ. ಮೂವರೂ ಸ್ಕ್ರೀನಿನತ್ತ ಬಗ್ಗಿದರು.

ಫೋನು ಆ ಹೊತ್ತಿಗೆ ಆಫ್ ಆಗಿತ್ತು. ಹಿಂದಿನ ಸಂಜೆ ಆನ್ ಆಗಿತ್ತು, ಅದರ ಹಿಂದಿನ ಸಂಜೆಯೂ. ಪ್ರತಿ ಸಲವೂ ಒಂದೇ ಥರ: ದೀಪ ಹಚ್ಚುವ ಹೊತ್ತಿಗೆ ಆನ್, ಕಡಬದ ಒಂದು ಲ್ಯಾಂಡ್‌ಲೈನ್‌ಗೆ ಕರೆ, ಎರಡು ರಿಂಗು, ಆ ಕಡೆ ಯಾರೂ ಎತ್ತಿಲ್ಲ, ಕಟ್, ಮತ್ತೆ ಆಫ್. ಟವರ್ ಮಾತ್ರ ಪ್ರತಿ ಸಲವೂ ಕುಣಿಗಲ್‌ನದೇ.

"ಕಡಬದ್ದು ನಮ್ಮತ್ತೆ ನಂಬರು!" ಅನಂತರಾಜು ಮೇಜು ಗುದ್ದಿದ. "ಮೈಸೂರಲ್ಲವ್ಳಂತೆ, ಅದಕ್ಕಿಂತ ಹೆಚ್ಗೆ ನಂಗೂ ಗೊತ್ತಿಲ್ಲ ಅಂತ ದೇವ್ರ ಮುಂದೆ ನಿಂತು ಹೇಳಿದ್ಲು ಆ ಮುದ್ಕಿ. ಕುಣಿಗಲ್ಲಾ? ಇಲ್ಲೇ ಮೂಗ್ ಕೆಳ್ಗೇ ಅವ್ಳೆ!"

"ಆ ಟವರ್‌ಗೆ ಮೂರು ಮುಖ," ಅಂದ ಕಾಂತೇಶ್. "ಒಂದು ಹೈವೇ ಕಡೆಗೆ, ಒಂದು ಕುದುರೆ ಫಾರಂ ಕಡೆಗೆ. ಇದು..."

"ಕೆರೆ ಏರಿ ಕಡೆ ಮುಖ ಸಾರ್," ಅಂದಳು ಇಂಪನಾ. ತನಗೂ ಗೊತ್ತು ಅನ್ನುವ ಖುಷಿ ಅವಳಿಗೆ.

"ಕರೆಕ್ಟ್. ನೋಡು ಅನಂತ, ನಾಳೆ ಮಧ್ಯಾಹ್ನಾನೇ ನೀನು ಕುಣಿಗಲ್‌ಗೆ ಹೋಗು. ಫೋನ್ ಸ್ಕ್ರೀನ್ ಮೇಲೆ ಏರಿಯಾ ಹೆಸರು ಬರುತ್ತಲ್ಲ, ಅದನ್ನ ನೋಡ್ಕೊಂಡು ನಡಿ. ಕೆರೆ ಕಡೆದು ಅಂತ ತೋರಿಸೋವರೆಗೂ ಸರಿ. ಹೆಸರು ಬದಲಾಯ್ತಾ, ವಾಪಸ್ ತಿರುಗು. ಆ ಹೆಸರು ಬರೋ ಬೀದಿಗಳಲ್ಲೇ ಎಲ್ಲೋ ಇದಾರೆ. ಸಂಜೆ ಅವರು ರಿಂಗ್ ಕೊಡ್ತಾರಲ್ಲ, ಆಗ ಟವರಿಂದ ಎಷ್ಟು ದೂರ ಅಂತ ನಾನು ಇಲ್ಲಿಂದ ಹೇಳ್ತೀನಿ. ಮಾತು ಹೋಗಿ ಬರೋಕೆ ಹಿಡಿಯೋ ಹೊತ್ತಲ್ಲಿ ಅದು ಗೊತ್ತಾಗುತ್ತೆ, ಅರ್ಧ ಕಿಲೋಮೀಟರ್ ಆಚೀಚೆ. ಒಂದು ದಿನ ತಪ್ಪಿದ್ರೆ ಇನ್ನೊಂದು ದಿನ. ಎಲ್ಲಿಗೆ ಹೋಗ್ತಾರೆ?"

ಅನಂತರಾಜು ಎದ್ದು ಕಣ್ಣೊರೆಸಿಕೊಂಡ. ಬಾಗಿಲ ಹತ್ತಿರ ನಿಂತು, ಸುಮ್ಮನೆ ನೆನಪಾಯಿತು ಅನ್ನುವ ಹಾಗೆ ಕೇಳಿದ: "ನಾನ್ ಕೇಳ್ದೆ ಅನ್ನೋದು ಎಲ್ಲೂ ಉಳ್ಕೊಳ್ಳಲ್ಲ ತಾನೆ?"

ಆ ಮಾತು ಇಂಪನಾಳ ಕಿವಿಯಲ್ಲೇ ಉಳಿದುಕೊಂಡಿತು.

ಸಂಜೆ ಗುಬ್ಬಿ ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕ ಕೂಡಲೇ ಅವಳ ಬೆರಳು ತಾನಾಗಿಯೇ ಫೋನ್ ಒತ್ತಿತು. ಮನೆಗೆ ಒಂದು ರಿಂಗು, ಕಟ್. ಬಸ್ಸು ಹತ್ತಿದೆ ಅಂತ ಅರ್ಥ. ಆ ಕಾಲದಲ್ಲಿ ಅರ್ಧ ಸಂಸಾರ ನಡೆಯುತ್ತಿದ್ದುದೇ ಹೀಗೆ. ಒಂದು ರಿಂಗಿಗೆ ಅನ್ನಕ್ಕಿಡು, ಎರಡಕ್ಕೆ ತಡವಾಗುತ್ತೆ, ತೋಟದಲ್ಲಿ ಕರೆಂಟು ಬಂದಿದೆ ಮೋಟಾರ್ ಹಾಕು ಅನ್ನುವುದಕ್ಕೂ ಒಂದು ಲೆಕ್ಕ. ಎತ್ತದ ಫೋನಿಗೆ ಕಾಸಿಲ್ಲ, ಕಾಸಿಲ್ಲದ ಮೇಲೆ ಅದರ ಗುರುತೂ ಎಲ್ಲೂ ಇರುವುದಿಲ್ಲ ಅಂತ ಜನ ನಂಬಿದ್ದರು. ದಿನವಿಡೀ ಟವರ್‌ಗಳ ನಡುವೆಯೇ ಕೂರುವ ಇಂಪನಾ ಕೂಡ ತನ್ನ ಮಿಸ್ಡ್ ಕಾಲಿನ ಬಗ್ಗೆ ಎಂದೂ ಬೇರೆ ಥರ ಯೋಚಿಸಿರಲಿಲ್ಲ.

ಕಟ್ ಮಾಡಿದ ಬೆರಳು ಅಲ್ಲೇ ನಿಂತಿತು. ತಲೆ ಕೆಟ್ಟವಳು ದಿನಾ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಮ್ಮನಿಗೆ ಎರಡು ರಿಂಗು ಕೊಟ್ಟು ಕಟ್ ಮಾಡುತ್ತಾಳಾ? ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಎರಡೇ. ಇದು ಹೇಳಿ ಮಾಡಿಕೊಂಡ ಲೆಕ್ಕ. 'ಚೆನ್ನಾಗಿದೀನಿ' ಅಂತ ತಾಯಿಗೆ, 'ಎಲ್ಲಿದೀನಿ ಅಂತ ಕೇಳಬೇಡ' ಅಂತ ಮಿಕ್ಕ ಲೋಕಕ್ಕೆಲ್ಲ. ಹೆಂಡತಿ ಬಾವಿಗೆ ಬೀಳುತ್ತಾಳೆ ಅಂತ ಹೆದರುವ ಗಂಡ ಮೊದಲು ಸ್ಟೇಷನ್‌ಗೆ ಓಡುತ್ತಾನೆ. ತಾನು ಕೇಳಿದ್ದು ಎಲ್ಲಾದರೂ ಉಳಿದುಕೊಳ್ಳುತ್ತಾ ಅಂತ ವಿಚಾರಿಸುವುದಿಲ್ಲ.

ಮಾರನೇ ದಿನ ಬೆಳಿಗ್ಗೆ ಅವಳು ಕಾಂತೇಶನ ಮುಂದೆ ನಿಂತು ಹೇಳಿಯೇ ಬಿಟ್ಟಳು.

"ಸಾರ್, ಆ ಹೆಂಗಸು ಅವರಿಗೆ ಹೆದ್ರಿ ಓಡಿಹೋಗಿರಬೇಕು ಅನ್ಸುತ್ತೆ. ನಾವು ಇದನ್ನ ಹೇಳಬಾರದಿತ್ತು."

"ನಿಂಗೆ ಧಾರಾವಾಹಿ ಜಾಸ್ತಿ ಆಯ್ತು ಇಂಪನಾ. ಅವನು ನಂಗೆ ಗೊತ್ತು. ಜ್ವರ ಬಂದಾಗ ಗಂಜಿ ಕಾಯ್ಸಿ ಕುಡ್ಸಿದ್ದೋನು ಕಣಮ್ಮ."

"ನಿಮಗೆ ಕುಡ್ಸಿರಬಹುದು ಸಾರ್."

"ಅವನ ಸಿಮ್ಮು, ಅವನ ಹೆಂಡ್ತಿ. ನೀನ್ಯಾಕೆ ತಲೆ ಕೆಡಿಸ್ಕೊಳ್ತೀಯ? ಹೋಗು, ಆ ಶಿರಾ ರಿಪೋರ್ಟ್ ಮುಗ್ಸು."

ಮಂಗಳಗೌರಿಗೆ ನೇರ ಫೋನ್ ಮಾಡೋಣವೆಂದರೆ ಅದು ಸಂಜೆವರೆಗೂ ಆಫ್. ಆನ್ ಆಗುವುದೇ ಆ ಎರಡು ರಿಂಗಿನ ಹೊತ್ತಿಗೆ, ಅದೇ ಹೊತ್ತಿಗೆ ಅನಂತರಾಜು ಆ ಬೀದಿಯಲ್ಲಿ ನಿಂತಿರುತ್ತಾನೆ. ಉಳಿದ ದಾರಿ ಕಡಬದ ಲ್ಯಾಂಡ್‌ಲೈನ್ ಒಂದೇ. ಊಟದ ಹೊತ್ತಿಗೆ ಇಂಪನಾ ಕೆಳಗಿನ ಎಸ್‌ಟಿಡಿ ಬೂತಿಗೆ ಇಳಿದು ಆ ನಂಬರ್ ತಿರುಗಿಸಿದಳು.

"ಯಾರು?" ವಯಸ್ಸಾದ ದನಿ.

"ಅಮ್ಮಾ, ನಿಮ್ಮ ಮಗಳು ಮಂಗಳಗೌರಿ ವಿಷಯ. ಅವರು ಎಲ್ಲಿದಾರೆ ಅಂತ ಅವರ ಯಜಮಾನ್ರಿಗೆ..."

"ನನ್ ಮಗ್ಳು ಮೈಸೂರಲ್ಲವ್ಳೆ. ಅದ್ಬುಟ್ಟು ನಂಗೇನೂ ಗೊತ್ತಿಲ್ಲ. ಹೋದ ವಾರ ಬ್ಯಾಂಕಿಂದ ಅಂತ ಒಬ್ಳ ಕೈಲಿ ಫೋನ್ ಮಾಡ್ಸಿದ್ದ, ಇವತ್ತು ನೀನಾ? ಎಷ್ಟು ಕೊಟ್ಟವ್ನೆ ನಿಂಗೆ?"

ಟಕ್ ಅಂತ ಕಟ್ ಆಯಿತು. ಮತ್ತೆ ಮಾಡಿದರೆ ಎಂಗೇಜ್. ರಿಸೀವರ್ ಎತ್ತಿ ಪಕ್ಕಕ್ಕಿಟ್ಟುಬಿಟ್ಟಿದ್ದರು.

ಇಂಪನಾ ಮೇಲೆ ಹತ್ತಿ ಬಂದು ಹಣೆ ಹಿಡಿದುಕೊಂಡಳು. "ಸಾರ್, ತಲೆನೋವು. ಮನೆಗ್ ಹೋಗ್ತೀನಿ."

"ಮುಖಾನೇ ಬಾಡಿದೆ, ಹೋಗು. ತಲುಪಿದ್ಮೇಲೆ ಫೋನ್ ಮಾಡು," ಅಂದ ಕಾಂತೇಶ್. ಒಳ್ಳೆಯ ಮನುಷ್ಯ. ಅವಳಿಗೆ ಅದೇ ಕಷ್ಟವಾಗಿತ್ತು.

ಗುಬ್ಬಿವರೆಗೆ ಬಸ್ಸು ಸಲೀಸಾಗಿ ಬಂತು. ಅಲ್ಲಿಂದ ಕಡಬಕ್ಕೆ ಹೋಗುವ ಪ್ರೈವೇಟ್ ಬಸ್ಸು ಮಾತ್ರ ಸ್ಟ್ಯಾಂಡಿನಲ್ಲಿ ಗುರುಗುಟ್ಟುತ್ತ ನಿಂತೇ ಇತ್ತು. ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತ "ಕಡಬಾ, ಕಡಬಾ, ಸೀಟೈತೆ ಸೀಟೈತೆ" ಅಂತ ಕೂಗುತ್ತಿದ್ದ.

"ಯಾವಾಗಣ್ಣ ಬಿಡೋದು?"

"ತುಂಬ್ದಾಗ ಬಿಡ್ತೀವಿ ಕಣಕ್ಕ. ನೀನೊಬ್ಳೇ ಅಂತ ಬುಟ್ರೆ ಡೀಸೆಲ್ ನಿಮ್ಮಪ್ಪ ಹಾಕುಸ್ತಾರಾ?"

ಬಸ್ಸಿನೊಳಗೆ ನಕ್ಕರು. ಇಂಪನಾ ನಗಲಿಲ್ಲ. ಬಿಸಿಲು ಓರೆಯಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಕೊಬ್ಬರಿ ರೇಟಿನ ಬಗ್ಗೆ ಜಗಳವಾಡುತ್ತಿದ್ದರು. ಈ ಹೊತ್ತಿಗೆ ಅನಂತರಾಜು ಕುಣಿಗಲ್‌ನಲ್ಲಿ ಕೈಯಲ್ಲಿ ಫೋನ್ ಹಿಡಿದು, ಪರದೆಯ ಮೇಲಿನ ಹೆಸರು ನೋಡುತ್ತ, ಒಂದು ಬೀದಿ ಹೊಕ್ಕು ಇನ್ನೊಂದರಲ್ಲಿ ಹೊರಬರುತ್ತಿರುತ್ತಾನೆ. ನೋಡುವವರಿಗೆ ಮೆಸೇಜ್ ಓದುತ್ತ ನಡೆಯುವವನಂತೆ ಕಾಣುತ್ತಾನೆ, ಅಷ್ಟೇ. ಕೊನೆಗೂ ಬಸ್ಸು ಹೊರಟಿತು. ಕಡಬದ ಕೆರೆ ಕಾಣುವ ಹೊತ್ತಿಗೆ ನೀರಿನ ಮೇಲೆ ಬೆಳಕು ಕೆಂಪಾಗುತ್ತಿತ್ತು.

ಮಂಗಳಗೌರಿಯ ತಾಯಿ ಸಿದ್ದಲಕ್ಷ್ಮಮ್ಮನ ಮನೆ, ಮಗಳ ಹೆಸರು ಹೇಳಿ ಕೇಳಿದ ಕೂಡಲೇ ಸಿಕ್ಕಿತು. ಆಕೆ ಜಗಲಿಯ ಮೇಲೆ ಕೂತು ಪೊರಕೆಗೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದರು. ಮಗ, ಸೊಸೆ ತೋಟದಿಂದ ಇನ್ನೂ ಬಂದಿರಲಿಲ್ಲ. ಇಂಪನಾ 'ಅಮ್ಮಾ' ಅಂದ ಕೂಡಲೇ ದನಿ ಗುರುತಿಸಿ ಎದ್ದು, ಕತ್ತಿ ಕೈಯಲ್ಲಿ ಹಿಡಿದೇ ಒಳಗೆ ಹೋಗಿ ಬಾಗಿಲು ಮುಂದಕ್ಕೆ ತಳ್ಳಿದರು.

"ನೀನೇ ಅಲ್ವಾ ಮಧ್ಯಾಹ್ನದೋಳು? ಊರ್ಗೂ ಬಂದ್ಬುಟ್ಯಾ? ಹೋಗಮ್ಮ, ಹೋಗು."

"ಅಮ್ಮಾ, ಎರಡು ರಿಂಗು," ಅಂದಳು ಇಂಪನಾ ಬಾಗಿಲ ಸಂದಿಯಲ್ಲಿ. "ದೀಪ ಹಚ್ಚೋ ಹೊತ್ತಿಗೆ. ಎರಡು ಆಗಿ ಕಟ್ ಆಗುತ್ತೆ. ನೀವು ಎತ್ತಲ್ಲ."

ಬಾಗಿಲು ನಿಂತಿತು. ಸಿದ್ದಲಕ್ಷ್ಮಮ್ಮನ ಮುಖ ಬಿಳುಚಿಕೊಂಡಿತು.

"ಅದು ನನ್ ಮಗಂಗೂ ಗೊತ್ತಿಲ್ಲ. ನಂಗೂ ಅವಳ್ಗೂ ಬುಟ್ರೆ ದೇವ್ರಿಗೆ ಗೊತ್ತು. ನಿಂಗೆ ಹೆಂಗ್ ಗೊತ್ತಾಯ್ತು?"

"ನಾನು ಫೋನ್ ಕಂಪ್ನೀಲಿ ಕೆಲಸ ಮಾಡ್ತೀನಿ. ನಂಗೆ ಗೊತ್ತಾಗಿದ್ದೆಲ್ಲ ನಿಮ್ಮ ಅಳಿಯಂಗೂ ಗೊತ್ತಾಗಿದೆ. ನಿಮ್ಮ ಮಗಳು ಇರೋದು ಕುಣಿಗಲ್‌ನಲ್ಲಿ. ಅವನು ಈಗ ಅಲ್ಲೇ ಇದಾನೆ."

"ಕುಣಿಗಲ್ಲಾ?" ಆಕೆ ಹೊಸ್ತಿಲ ಮೇಲೆ ಕುಸಿದು ಕೂತರು. "ಇಷ್ಟ್ ಹತ್ರಾನಾ? ನಂಗೂ ಮೈಸೂರು ಅಂತಾನೇ ಹೇಳಿದ್ಲಲ್ಲ. ಹೆತ್ತೋಳ್ಗೆ ಗೊತ್ತಿಲ್ದೇ ಇರೋದು ಕಂಪ್ನಿಗೆ ಗೊತ್ತಾ?"

"ಗೊತ್ತಾಗುತ್ತಮ್ಮ. ಫೋನ್ ಆನ್ ಆದ್ರೆ ಸಾಕು, ಎತ್ತೋದೇ ಬೇಡ."

"ಬಿಲ್ಲೇ ಬರಲ್ವಲ್ಲವ್ವ ಅದಕ್ಕೆ."

"ಬಿಲ್ ಬರಲ್ಲ. ಗುರುತು ಇರುತ್ತೆ."

ಸಿದ್ದಲಕ್ಷ್ಮಮ್ಮ ಕತ್ತಿ ಕೆಳಗಿಟ್ಟರು. "ಅಂದ್ರೆ ಕುರಿ ಕುತ್ಗೇಗೆ ಕಟ್ಟೋ ಗಂಟೆ. ಕಳ್ಳನ್ಗೂ ಅದೇ ಸದ್ದು, ಕುರುಬನ್ಗೂ ಅದೇ ಸದ್ದು." ಆಮೇಲೆ ಮಾತು ತಡೆಯಲಿಲ್ಲ. "ಮೂರು ಸಲ ರಾಜಿ ಮಾಡಿ ಕಳ್ಸಿದ್ರು ಕಣವ್ವ. ಸ್ಟೇಷನ್ನೋರೂ ಸೈ, ಊರೋರೂ ಸೈ. ಹೋದ ಸಲ ಮುಂಗೈ ಮುರ್ದಿದ್ದ. ಬಚ್ಚಲಲ್ಲಿ ಜಾರಿದ್ಲು ಅಂತ ಆಸ್ಪತ್ರೇಲಿ ಅವನೇ ಅತ್ತ. ಎಂಥಾ ಅಳು ಅಂತೀಯಾ, ನರ್ಸಮ್ಮನೂ ಅತ್ತೋದ್ಲು. ಇನ್ನೊಂದ್ ದಪ ಓಡೋದ್ರೆ ಓಡಕ್ಕೆ ಕಾಲೇ ಇಲ್ದಂಗೆ ಮಾಡ್ತೀನಿ ಅಂದವ್ನೆ."

ಆ ಅಳುವನ್ನು ಇಂಪನಾಳೂ ನೋಡಿದ್ದಳು. 'ಕೆರೆ ಏರಿ ಕಡೆ ಮುಖ ಸಾರ್' ಅಂದ ತನ್ನ ದನಿಯೂ ನೆನಪಾಯಿತು.

"ಇವತ್ತು ಫೋನ್ ಬಂದಾಗ ನೀವು ಎತ್ತಬೇಕಮ್ಮ."

"ಎತ್ತಂಗಿಲ್ಲ! ಎತ್ತಿದ್ರೆ ಅವ್ನು ಇಲ್ಲಿಗ್ ಬಂದು ನನ್ ಕುತ್ಗೆ ಮೇಲೆ ಕೂತವ್ನೆ ಅಂತ ಲೆಕ್ಕ. ಹಂಗೇ ಮಾತಾಡ್ಕೊಂಡಿದೀವಿ. ಎತ್ತಿದ್ ತಕ್ಷಣ ಅವ್ಳು ಕಟ್ ಮಾಡ್ತಾಳೆ."

ಇಂಪನಾ ಅಲ್ಲೇ ನಿಂತಳು. ಅದೇ ತೊಡಕು. ಎತ್ತಿದರೆ ಮಂಗಳಗೌರಿ ಏನೆಂದುಕೊಳ್ಳುತ್ತಾಳೆ? ಗಂಡ ಕಡಬದಲ್ಲಿದ್ದಾನೆ, ತಾನಿರುವ ಜಾಗ ಭದ್ರವಾಗಿದೆ ಅಂತ. ಬಾಗಿಲು ಹಾಕಿಕೊಂಡು ಅಲ್ಲೇ ಕೂರುತ್ತಾಳೆ. ಎತ್ತದಿದ್ದರೆ ಎಲ್ಲ ಎಂದಿನಂತೆ ಅಂದುಕೊಂಡೂ ಅಲ್ಲೇ ಕೂರುತ್ತಾಳೆ. ಮಾತು ತಲುಪಲೇಬೇಕು. ಆದರೆ ಮಾತು ಬೆಳೆದಷ್ಟೂ ತುಮಕೂರಿನ ಸ್ಕ್ರೀನ್ ಮುಂದೆ ಕೂತ ಕಾಂತೇಶನಿಗೆ ಅನುಕೂಲ.

"ಎತ್ತಿದ ಕೂಡ್ಲೇ ಒಂದೇ ಮಾತು ಹೇಳಿ ಅಮ್ಮ. 'ಅವನು ಕುಣಿಗಲ್‌ನಲ್ಲಿದಾನೆ, ಫೋನ್ ಬಿಸಾಕಿ ಹೊರಡು.' ಅಷ್ಟೇ. ಇನ್ನೇನೂ ಬೇಡ."

"ಅವ್ನು ಕುಣಿಗಲ್ಲಲ್ಲವ್ನೆ, ಫೋನ್ ಬಿಸಾಕಿ ಹೊರ್ಡು," ಅಂದುಕೊಂಡರು ಸಿದ್ದಲಕ್ಷ್ಮಮ್ಮ. ದೇವರ ಮುಂದೆ ಬತ್ತಿ ಹಾಕುವಾಗಲೂ ಅದನ್ನೇ ಅಂದರು. ಗೀರಿದ ಮೊದಲ ಕಡ್ಡಿ ಆರಿತು. ಎರಡನೆಯದಕ್ಕೆ ದೀಪ ಹತ್ತಿತು. ಮಧ್ಯಾಹ್ನ ಪಕ್ಕಕ್ಕಿಟ್ಟಿದ್ದ ರಿಸೀವರನ್ನು ಸಿದ್ದಲಕ್ಷ್ಮಮ್ಮ ಮತ್ತೆ ಜಾಗಕ್ಕಿಟ್ಟರು. ಇಬ್ಬರೂ ನಡುಮನೆಯಲ್ಲಿ ಫೋನಿನ ಮುಂದೆ ಬಂದು ಕೂತರು. ಹೂವಿನ ಕಸೂತಿ ಬಟ್ಟೆ ಹೊದಿಸಿದ್ದ ಹಸಿರು ಫೋನು.

ಹೊರಗೆ ದನಗಳು ಮನೆಗೆ ಬರುವ ಸದ್ದು. ದೂರದಲ್ಲಿ ಯಾರೋ ಕೆಮ್ಮಿದರು.

"ಮಗ ಬಂದ್ನೇನೋ," ಪಿಸುಗುಟ್ಟಿದರು ಸಿದ್ದಲಕ್ಷ್ಮಮ್ಮ. "ಅವ್ನು ಬಂದ್ರೆ ಕೆಡ್ತು. ಬಾವ ದೇವ್ರಂತೋನು ಅಂತಾನೆ."

ಕೆಮ್ಮಿದವನು ಹಾದು ಹೋದ. ಫೋನು ಸುಮ್ಮನಿತ್ತು.

"ಇವತ್ತು ಮಾಡ್ದೇನೇ ಇದ್ರೆ?" ಅಂದರು ಆಕೆ.

ಇಂಪನಾ ಫೋನಿನ ವೈರು ಸರಿಯಾಗಿದೆಯಾ ಅಂತ ಮುಟ್ಟಿ ನೋಡಿದಳು. ಮಾಡದೇ ಇದ್ದರೆ ಅನಂತರಾಜು ಆಗಲೇ ಬಾಗಿಲು ತಟ್ಟಿದ್ದಾನೆ ಅಂತಲೂ ಇರಬಹುದು.

ಫೋನು ಹೊಡೆದುಕೊಂಡಿತು.

ಸಿದ್ದಲಕ್ಷ್ಮಮ್ಮನ ಕೈ ರಿಸೀವರಿನ ಮೇಲೆ ಹೋಗಿ ಅಲ್ಲೇ ನಿಂತುಬಿಟ್ಟಿತು. ಇಷ್ಟು ದಿನ ಎತ್ತಬಾರದು, ಎತ್ತಬಾರದು ಅಂತ ಬಿಗಿಹಿಡಿದು ಕಲಿತ ಕೈ. ಒಂದು ರಿಂಗು ಪೂರ್ತಿ ಆಯಿತು. "ಅಮ್ಮಾ!" ಅಂದಳು ಇಂಪನಾ. ಎರಡನೆಯದು ಶುರುವಾದಾಗ ಕೈ ಮೇಲೆದ್ದಿತು.

"ಗೌರೀ."

ಆ ಕಡೆ ಉಸಿರು ಮಾತ್ರ. ಕಟ್ ಆಗಲಿಲ್ಲ. ಇಷ್ಟು ದಿನದ ಮೇಲೆ ಅಮ್ಮನ ದನಿ ಕೇಳಿ ಅವಳ ಬೆರಳೂ ನಿಂತಿತ್ತೇನೋ. ಸಿದ್ದಲಕ್ಷ್ಮಮ್ಮನ ಬಾಯಿ ತೆರೆಯಿತು. ಕಲಿತ ಮಾತೆಲ್ಲ ಎಲ್ಲಿಗೆ ಹೋಯಿತೋ, ಬಂದದ್ದು ಬೇರೆ.

"ಉಂಡ್ಯೇನವ್ವಾ?"

ಇಂಪನಾ ತಲೆ ಚಚ್ಚಿಕೊಂಡಳು. ರಿಸೀವರ್ ಕಸಿದುಕೊಳ್ಳೋಣ ಅಂದರೆ ಹೊಸ ದನಿ ಕೇಳಿದ ಕೂಡಲೇ ಅವಳು ಕಟ್ ಮಾಡುತ್ತಾಳೆ. ಆಕೆಯ ತೋಳು ಹಿಡಿದು ಅಲುಗಿಸಿದಳು.

"ಅಮ್ಮಾ, ಅವ್ನು ಅಲ್ಲವ್ನಾ?" ಆ ಕಡೆಯ ದನಿ ಇಂಪನಾಳಿಗೂ ಕೇಳಿಸಿತು. ತೆಳ್ಳಗೆ, ಅವಸರವಾಗಿ.

"ಇಲ್ಲಿಲ್ಲ ಕಣೇ. ಅಲ್ಲವ್ನೆ! ಕುಣಿಗಲ್ಲಲ್ಲವ್ನೆ, ನಿನ್ ಬೀದೀಲೇ ಅವ್ನೆ. ಈ ಫೋನೇ ತೋರಿಸ್ಕೊಟ್ಟದೆ. ಬಿಸಾಕು ಅದ್ನ. ನಂಗೂ ಮಾಡ್ಬೇಡ. ಹೋಗು, ಹೋಗು, ಹೋಗು!"

ಆ ಕಡೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಆಕೆ ರಿಸೀವರನ್ನು ಎದೆಗೊತ್ತಿಕೊಂಡು ಕೂತರು.

ಇಂಪನಾಳ ಬ್ಯಾಗಿನೊಳಗಿನ ಮೊಬೈಲು ಕಿರುಚಿದ್ದು ಆಗಲೇ. ಕಾಂತೇಶ್.

"ಇಂಪನಾ! ಇವತ್ತು ಎತ್ತಿದ್ರು ಕಣಮ್ಮ, ಮಾತಾಡಿದ್ರು! ಕೆರೆ ಕಡೆ ಮುಖ, ಟವರಿಂದ ಅರ್ಧ ಕಿಲೋಮೀಟರ್ ಒಳಗೇ. ಅನಂತ ಪಕ್ಕದ ಬೀದೀಲೇ ಇದ್ದ, ಹೇಳ್ದೆ, ಓಡ್ತಿದಾನೆ. ತಲೆನೋವು ಹೆಂಗಿದೆ?"

"ಪರವಾಗಿಲ್ಲ ಸಾರ್," ಅಂದಳು ಇಂಪನಾ. ದನಿ ತನ್ನದೆಂದು ಅನ್ನಿಸಲಿಲ್ಲ.

ಸಿದ್ದಲಕ್ಷ್ಮಮ್ಮ ಅವಳನ್ನೇ ನೋಡುತ್ತಿದ್ದರು. ಇಂಪನಾ ಮೊಬೈಲನ್ನು ಮತ್ತೆ ಬ್ಯಾಗಿಗೆ ಹಾಕಿದಳು. ಎತ್ತಿಯಾಗಿತ್ತು. ತಾಯಿ ಮಗಳ ನಡುವೆ ಇದ್ದ ಒಂದೇ ಒಂದು ಗುರುತನ್ನು ಅವರೇ ಖರ್ಚು ಮಾಡಿಬಿಟ್ಟಿದ್ದರು. ನಾಳೆ ಸಂಜೆ ಈ ಫೋನು ಸುಮ್ಮನಿದ್ದರೆ ಮಗಳು ತಪ್ಪಿಸಿಕೊಂಡಳು ಅಂತಲೋ, ಸಿಕ್ಕಿಬಿದ್ದಳು ಅಂತಲೋ, ಆ ಫೋನಂತೂ ಹೇಳುವಂತಿರಲಿಲ್ಲ.

ಮಾರನೇ ಬೆಳಿಗ್ಗೆ ಆಫೀಸಿನ ಮೆಟ್ಟಿಲಲ್ಲಿ ಧಡಧಡ ಹೆಜ್ಜೆ ಕೇಳಿದಾಗ ಇಂಪನಾ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅನಂತರಾಜು ಒಬ್ಬನೇ ಬಂದಿದ್ದ. ಅಂಗಿ ನಿನ್ನೆಯದೇ, ಕಣ್ಣು ಕೆಂಪು.

"ತಪ್ಪಿಸ್ಕೊಂಡ್ಲು ಕಾಂತ! ಒಬ್ಳು ಟೀಚರಮ್ಮನ ಮನೇಲಿದ್ಲು. ಬಾಗ್ಲು ಒದ್ದು ಒಳಕ್ಕೋದ್ರೆ ಎರಡು ತಟ್ಟೆ, ಎರಡರಲ್ಲೂ ಬಡಿಸ್ದಂಗೇ ಅದೆ, ಬಿಸಿ ಹಬೆ ಆಡ್ತಾ ಅದೆ. ಮುಂದೆ ಕೂತಿರೋಳು ಟೀಚರಮ್ಮ ಒಬ್ಳೇ. 'ಯಾರೂ ಇಲ್ಲಪ್ಪ, ನಂಗೆ ಹಸಿವು ಜಾಸ್ತಿ' ಅಂತಾಳೆ! ಜುಟ್ಟು ಹಿಡಿದು ಕೇಳ್ದೆ, ಬಾಯ್ ಬಿಡಲಿಲ್ಲ. ಫೋನು ನೀರಿನ ಹಂಡೇಲಿ ಸಿಕ್ತು."

ಕಾಂತೇಶ್ ಪೆನ್ನು ಕೆಳಗಿಟ್ಟ. "ಬಾಗಿಲು ಒದ್ಯಾ? ಜುಟ್ಟು ಹಿಡಿದ್ಯಾ?"

"ಮತ್ತಿನ್ನೇನು ಕುಂಕುಮ ಇಟ್ಟು ಕರೀಬೇಕಿತ್ತಾ? ಅದಿರ್ಲಿ. ಯಾವತ್ತೂ ಎತ್ತದ ಮುದ್ಕಿ ನಿನ್ನೆ ಯಾಕೆ ಎತ್ತಿದ್ಲು? ಯಾರೋ ಹೇಳವ್ರೆ. ನಾನು ಹೋಗಿರೋದು ಗೊತ್ತಿದ್ದಿದ್ದು ಮೂರೇ ಜನಕ್ಕೆ. ನಾನು, ನೀನು," ಅವನು ತಿರುಗಿದ, "ಇವಳು."

ಇಂಪನಾ ಶಿರಾ ರಿಪೋರ್ಟಿನ ಹಾಳೆ ತಿರುವಿದಳು.

"ನಿನ್ನೆ ಇಂಪನಾ ಹುಷಾರಿಲ್ಲದೆ ಮನೇಲಿದ್ಲು," ಅಂದ ಕಾಂತೇಶ್.

"ನೋಡ್ಬುಡು ಮತ್ತೆ. ಇವಳ ನಂಬರ್ ಹಾಕು. ನಿನ್ನೆ ಸಂಜೆ ಎಲ್ಲಿದ್ಲು ಅಂತ ಟವರೇ ಹೇಳ್ತದಲ್ಲ? ನೀನೇ ಅಲ್ವಾ ಹೇಳಿದ್ದು?"

ಇಂಪನಾಳಿಗೆ ಆಗ ಹೊಳೆಯಿತು. ಮಂಗಳಗೌರಿಯ ಫೋನಿನ ಚಿಂತೆಯಲ್ಲಿ ಅವಳು ತನ್ನ ಫೋನನ್ನೇ ಮರೆತಿದ್ದಳು. ಇಡೀ ದಿನ ಅದು ಬ್ಯಾಗಿನಲ್ಲಿ ಆನ್ ಆಗಿಯೇ ಇತ್ತು. ಕಡಬದ ಕೆರೆ ಏರಿಯ ಮೇಲೆ, ಸಿದ್ದಲಕ್ಷ್ಮಮ್ಮನ ನಡುಮನೆಯಲ್ಲಿ, ದೀಪದ ಮುಂದೆ, ಎಲ್ಲ ಕಡೆಯೂ 'ನಾನಿಲ್ಲಿದೀನಿ, ನಾನಿಲ್ಲಿದೀನಿ' ಅಂತ ಹೇಳುತ್ತಲೇ ಇತ್ತು. ಕಾಂತೇಶನ ಕರೆ ಬಂದು ಬಡಿದದ್ದೂ ಅಲ್ಲಿಗೇ.

ಕಾಂತೇಶ್ ಕೀಬೋರ್ಡ್ ಎಳೆದುಕೊಂಡ. ಒಂದೊಂದೇ ಅಂಕಿ ಒತ್ತಿದ. ತನ್ನ ನಂಬರಿನ ಅಂಕಿಗಳು ಅವನ ಬೆರಳ ಕೆಳಗೆ ಒಂದರ ಹಿಂದೆ ಒಂದು ಬೀಳುವುದನ್ನು ಇಂಪನಾ ನೋಡಿದಳು. ಸ್ಕ್ರೀನು ಅವನ ಕಡೆ ತಿರುಗಿತ್ತು. ಅವನ ಕಣ್ಣು ಒಂದು ಸಲ ಮೇಲಿಂದ ಕೆಳಕ್ಕೆ ಓಡಿತು.

"ಗುಬ್ಬಿ," ಅಂದ. "ಮಧ್ಯಾಹ್ನದಿಂದ ಬೆಳಿಗ್ಗೆವರೆಗೂ ಗುಬ್ಬಿ ಟವರಲ್ಲೇ. ಮನೇಲೇ ಇದ್ಲು."

"ತೋರ್ಸು." ಅನಂತರಾಜು ಮೇಜು ಸುತ್ತಿ ಬಂದ.

ಕಾಂತೇಶ್ ಸ್ಕ್ರೀನ್ ಆಫ್ ಮಾಡಿದ. "ಹೊರಗಿನೋರಿಗೆ ತೋರಿಸಂಗಿಲ್ಲ."

"ಮೊನ್ನೆ ತೋರ್ಸಿದ್ಯಲ್ಲ?"

"ಮೊನ್ನೆ ತೋರಿಸ್ಬಾರದಿತ್ತು."

"ಏನ್ಲಾ ಕಾಂತ? ಸಿಮ್ ನಂದು, ಹೆಂಡ್ತಿ ನಂದು."

"ಸಿಮ್ ನಿಂದು. ತಗೊಂಡು ಹೋಗು. ಮತ್ತೆ ಈ ಮೆಟ್ಟಿಲು ಹತ್ತಿದ್ರೆ ಟೀಚರಮ್ಮನ ಮನೆ ಬಾಗಿಲ ವಿಷಯ ನಾನೇ ಸ್ಟೇಷನ್‌ಗೆ ಹೇಳ್ತೀನಿ. ಅವರು ರಾಜಿ ಮಾಡಿಸಿದ್ರೂ ಸರಿ, ಹೇಳ್ತೀನಿ."

ಅನಂತರಾಜು ಇಬ್ಬರನ್ನೂ ನೋಡಿದ. ಈ ಸಲ ಅಳಲಿಲ್ಲ. ಹೋಗುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದನೆಂದರೆ ಗೋಡೆಯ ಮೇಲಿದ್ದ ಜಿಲ್ಲೆಯ ನಕ್ಷೆ ಓರೆಯಾಯಿತು.

ಇಂಪನಾ ಎದ್ದು ನಕ್ಷೆಯನ್ನು ನೆಟ್ಟಗೆ ಮಾಡಿದಳು.

"ಕಡಬ ಅಂತ ಬಂತಾ ಸಾರ್?" ಕೇಳಿದಳು ಇಂಪನಾ.

"ಹೂಂ. ಗುಬ್ಬಿ ಬಸ್ ಸ್ಟ್ಯಾಂಡಲ್ಲಿ ನೀನು ತುಂಬಾ ಹೊತ್ತು ನಿಂತಿದ್ಯ. ಕತ್ತಲಾಗೋವರೆಗೂ ಕಡಬ. ಆಮೇಲೆ ವಾಪಸ್ ಗುಬ್ಬಿ." ಅವನು ಮುಖ ಉಜ್ಜಿಕೊಂಡ. "ಈಗ ನೋಡಿದ್ದಲ್ಲ. ನಿನ್ನೇನೇ ನೋಡಿದ್ದೆ."

"ನಿನ್ನೇನಾ? ಯಾಕೆ ಸಾರ್?"

"ತಲೆನೋವು ಅಂದ್ಯಲ್ಲಮ್ಮ. ಫೋನಲ್ಲೂ ನಿನ್ ದನಿ ಸರಿ ಇರ್ಲಿಲ್ಲ. ಮನೆ ಸೇರ್ಕೊಂಡ್ಯೋ ಇಲ್ವೋ ಅಂತ ನೋಡ್ದೆ. ಕಾಳಜೀಗೆ."

"ಕೇಳಬಹುದಿತ್ತಲ್ಲ ಸಾರ್ ನನ್ನೇ."

ಕಾಂತೇಶ್ ಕೀಬೋರ್ಡನ್ನು ದೂರ ತಳ್ಳಿದ. ಉಳಿಸಿದ್ದು ಅವನೇ. ಅದಕ್ಕೆ ಕೈ ಮುಗಿಯಬೇಕು ಅಂತ ಇಂಪನಾಳಿಗೆ ಗೊತ್ತಿತ್ತು. ಆದರೂ ಬಸ್ ಸ್ಟ್ಯಾಂಡಿನಲ್ಲಿ ತಾನು ನಿಂತಿದ್ದ ಹೊತ್ತನ್ನೂ ಅವನು ಹೇಳಿದಾಗ, ಯಾರೋ ಹಿಂದಿನಿಂದ ಸೆರಗು ಮುಟ್ಟಿದ ಹಾಗೆ ಮೈ ಜುಮ್ಮೆಂದಿತ್ತು. ಅದು ಹೋಗಲೇ ಇಲ್ಲ.

"ಥ್ಯಾಂಕ್ಸ್ ಸಾರ್," ಅಂದಳು ಕೊನೆಗೆ. "ಇನ್ಮೇಲೆ ನೋಡಬೇಡಿ."

ಆ ಮಧ್ಯಾಹ್ನ ಅವಳು ಮತ್ತೆ ಕಡಬಕ್ಕೆ ಹೋದಳು. ಹೋಗುವ ಮುಂಚೆ ತನ್ನ ಮೊಬೈಲನ್ನು ಆನ್ ಮಾಡಿಯೇ ಆಫೀಸಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದಳು. ಯಾರು ನೋಡಿದರೂ ಇಂಪನಾ ತುಮಕೂರಿನಲ್ಲೇ ಇದ್ದಾಳೆ.

ಸಿದ್ದಲಕ್ಷ್ಮಮ್ಮ ಜಗಲಿಯ ಮೇಲೆ ಗರಿಯ ರಾಶಿಯ ಮುಂದೆ ಕೂತಿದ್ದರು. ಒಂದು ಕಡ್ಡಿಯೂ ಸೀಳಿರಲಿಲ್ಲ. ಇಂಪನಾ ಇನ್ನೂ ಅಂಗಳ ದಾಟುವಷ್ಟರಲ್ಲೇ ಕೇಳಿದರು.

"ಸಿಕ್ಬುಟ್ಲಾ?"

"ಇಲ್ಲಮ್ಮ. ಸಿಗಲಿಲ್ವಂತೆ. ಅವನು ಹೋಗೋ ಹೊತ್ತಿಗೆ ಹೊರಟುಹೋಗಿದ್ರಂತೆ."

ಆಕೆಯ ಕೈ ನೆಲಕ್ಕೆ ಊರಿಕೊಂಡಿತು. "ಎಲ್ಲವ್ಳೆ ಈಗ?"

"ಗೊತ್ತಿಲ್ಲ ಕಣಮ್ಮ."

"ನಿನ್ ಕಂಪ್ಯೂಟ್ರಲ್ಲಿ ನೋಡು."

"ಅದ್ರಲ್ಲೂ ಇಲ್ಲ. ಫೋನ್ ಅಲ್ಲೇ ಬಿಟ್ಟೋಗಿದಾರೆ. ನಂಗೂ ಗೊತ್ತಿಲ್ಲ, ನಮ್ಮ ಸಾರ್‌ಗೂ ಗೊತ್ತಿಲ್ಲ, ನಿಮ್ಮ ಅಳಿಯಂಗೂ ಗೊತ್ತಿಲ್ಲ."

ಸಿದ್ದಲಕ್ಷ್ಮಮ್ಮ ಕೆರೆಯ ಕಡೆ ನೋಡುತ್ತ ಕೂತರು. ಕಣ್ಣಲ್ಲಿ ನೀರು ತುಂಬಿ ನಿಂತಿತು, ಇಳಿಯಲಿಲ್ಲ.

"ಯಾರ್ಗೂ ಗೊತ್ತಿಲ್ವಾ?"

"ಯಾರಿಗೂ ಗೊತ್ತಿಲ್ಲಮ್ಮ."

"ಹಂಗಾರೆ ಬದ್ಕವ್ಳೆ ಬುಡು," ಅಂದು ಆಕೆ ಕತ್ತಿ ಕೈಗೆತ್ತಿಕೊಂಡು ಒಂದು ಗರಿ ಎಳೆದುಕೊಂಡರು.